ಕಾರು ಅದೇ, ಕೆಲಸ ಬೇರೆ: ಜಾಗ್ವಾರ್ ಬಿದ್ದದ್ದು, ಎದ್ದದ್ದು

1979ರ ಮಾರ್ಚ್‌ನಲ್ಲಿ ಬ್ರಿಟನ್ನಿನ ದುಬಾರಿ ಕಾರುಗಳ ಕಂಪನಿ ಜಾಗ್ವಾರ್‌ನ ಎಕ್ಸ್‌ಜೆ6 ಕಾರಿನ ಮೂರನೇ ಸರಣಿ ಮಾರುಕಟ್ಟೆಗೆ ಬಂತು. ಇಟಲಿಯ ಪಿನಿನ್‌ಫರೀನಾ ಸ್ಟುಡಿಯೋ ಚಾವಣಿಯ ಗೆರೆ ತಿದ್ದಿ ಕೊಟ್ಟಿತ್ತು. ನೋಡಿದವರೆಲ್ಲ ಮೆಚ್ಚಿದರು. ಆದರೆ ಕೊಳ್ಳಲು ಹೋದವರಿಗೆ ಮೊದಮೊದಲು ಸಿಗುತ್ತಿದ್ದ ಬಣ್ಣ ಮೂರೇ: ಬಿಳಿ, ಕಡುಗೆಂಪು, ಹಳದಿ. ಬರ್ಮಿಂಗ್‌ಹ್ಯಾಮ್ ಬಳಿಯ ಕ್ಯಾಸಲ್ ಬ್ರಾಮ್‌ವಿಚ್ ಕಾರ್ಖಾನೆಯಲ್ಲಿ ಆಗಷ್ಟೇ ಹಾಕಿದ್ದ ಪೇಂಟ್ ಶಾಪ್‌ಗೆ ಅದಕ್ಕಿಂತ ಹೆಚ್ಚು ಬಣ್ಣ ನಿಭಾಯಿಸಲು ಆಗುತ್ತಿರಲಿಲ್ಲ. ಆ ಮೂರು ಬಣ್ಣಗಳೂ ಒಂದೇ ಸಲಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ.

ಐದು ವರ್ಷ ಬಿಟ್ಟು ನೋಡಿದರೆ ಕಾರು ಅದೇ, ಅದರ ಆರು ಸಿಲಿಂಡರಿನ ಎಂಜಿನ್ ಅದೇ, ಕಾರ್ಖಾನೆಗಳೂ ಅವೇ. ಅಮೆರಿಕದಲ್ಲಿ 1980ರಲ್ಲಿ ಸುಮಾರು 3 ಸಾವಿರ ಜಾಗ್ವಾರ್‌ಗಳು ಮಾರಾಟವಾಗಿದ್ದರೆ 1984ರಲ್ಲಿ ಸುಮಾರು 18 ಸಾವಿರ. 1980ರಲ್ಲಿ ನಾಲ್ಕು ಕೋಟಿ ಪೌಂಡಿಗೂ ಮಿಕ್ಕಿ ನಷ್ಟ, 1984ರಲ್ಲಿ 9.15 ಕೋಟಿ ಪೌಂಡ್ ಲಾಭ. ಹೊಸ ಸೆಡಾನ್ ಒಂದನ್ನೂ ತರದೆ ಇದು ನಡೆಯಿತು. ಮುಳುಗಿದ ಕಾರು ಕಂಪನಿ ಎದ್ದ ಕಥೆಗಳಲ್ಲಿ ಹೊಸ ಮಾದರಿಯೇ ಸಾಮಾನ್ಯವಾಗಿ ಕಥಾನಾಯಕ. ಇಲ್ಲಿ ಹಳೆಯ ಮಾದರಿಯನ್ನೇ ನೆಟ್ಟಗೆ ತಯಾರಿಸಿದ್ದು ಕಂಪನಿಯನ್ನು ಉಳಿಸಿತು. ಆ ಉಳಿವಿಗೆ ಒಂದು ಮಿತಿಯೂ ಇತ್ತು. ಹಾಗಾಗಿ ಈ ಪ್ರಕರಣವನ್ನು 1984ಕ್ಕೆ ನಿಲ್ಲಿಸಿದರೆ ಅರ್ಧ ಓದಿದಂತೆ.

ಬಾಡಿ ಬೇರೆಯವರ ಕೈಯಲ್ಲಿ

ವಿಲಿಯಂ ಲಯನ್ಸ್ 1922ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ವಿಲಿಯಂ ವಾಮ್ಸ್‌ಲಿ ಜೊತೆ ಸೇರಿ ಮೋಟರ್‌ಸೈಕಲ್ಲುಗಳಿಗೆ ಸೈಡ್‌ಕಾರ್ ಮಾಡುವ ಸ್ವಾಲೋ ಕಂಪನಿ ತೆರೆದರು. 1928ರಲ್ಲಿ ಅದು ಕವೆಂಟ್ರಿಗೆ ಬಂತು, 1935ರಲ್ಲಿ ಜಾಗ್ವಾರ್ ಎಂಬ ಹೆಸರು ಕಾರಿನ ಮೇಲೆ, 1945ರಲ್ಲಿ ಕಂಪನಿಯ ಮೇಲೆ ಬಂತು. 1948ರ ಎಕ್ಸ್‌ಕೆ120 ಕಾರಿಗೆ ಹಾಕಿದ ಎರಡು ಓವರ್‌ಹೆಡ್ ಕ್ಯಾಮ್‌ಶಾಫ್ಟಿನ ಎಕ್ಸ್‌ಕೆ ಎಂಜಿನ್ ಮುಂದಿನ ನಾಲ್ಕು ದಶಕ ಕಂಪನಿಯ ಬೆನ್ನೆಲುಬಾಯಿತು. 1951ರಿಂದ 1957ರ ನಡುವೆ ಲ ಮಾನ್ 24 ಗಂಟೆಯ ಓಟದಲ್ಲಿ ಐದು ಗೆಲುವು, 1961ರಲ್ಲಿ ಜಿನೀವಾದಲ್ಲಿ ಇ-ಟೈಪ್, 1968ರಲ್ಲಿ ಎಕ್ಸ್‌ಜೆ6. ಇಷ್ಟು ಹೊಳಪಿನ ಕೆಳಗೆ ಒಂದು ದೌರ್ಬಲ್ಯ ಮೊದಲಿಂದಲೂ ಇತ್ತು. ತನ್ನ ಕಾರಿನ ಬಾಡಿಯನ್ನು ಜಾಗ್ವಾರ್ ತಾನೇ ಒತ್ತುತ್ತಿರಲಿಲ್ಲ. ತಗಡು ಒತ್ತುವ ಭಾರೀ ಪ್ರೆಸ್ಸುಗಳಿಗೆ ಹಣ ಹಾಕುವಷ್ಟು ದೊಡ್ಡ ಕಂಪನಿ ಅದಾಗಿರಲಿಲ್ಲ. ಬಾಡಿಗಳು ಪ್ರೆಸ್ಡ್ ಸ್ಟೀಲ್ ಎಂಬ ಹೊರಗಿನ ಕಂಪನಿಯಿಂದ ಬರುತ್ತಿದ್ದವು.

1965ರಲ್ಲಿ ಆ ಪ್ರೆಸ್ಡ್ ಸ್ಟೀಲನ್ನು ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಕೊಂಡುಕೊಂಡಿತು. ಬಾಡಿ ಕೊಡುವವರು ಪ್ರತಿಸ್ಪರ್ಧಿಯ ಕೈಗೆ ಹೋದ ಮೇಲೆ ಲಯನ್ಸ್‌ಗೆ ಉಳಿದ ದಾರಿ ಕಡಿಮೆ. 1966ರಲ್ಲಿ ಅವರು ಅದೇ ಕಾರ್ಪೊರೇಷನ್ ಜೊತೆ ವಿಲೀನಕ್ಕೆ ಒಪ್ಪಿದರು. 1968ರಲ್ಲಿ ಎಲ್ಲವೂ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. 1972ರಲ್ಲಿ ಲಯನ್ಸ್ ನಿವೃತ್ತರಾದರು. 1975ರಲ್ಲಿ ಲೇಲ್ಯಾಂಡ್ ದಿವಾಳಿಯ ಅಂಚಿಗೆ ಬಂದು ಸರ್ಕಾರದ ಪಾಲಾದಾಗ, ಸರ್ಕಾರವೇ ಬರೆಸಿದ ರೈಡರ್ ವರದಿ ಎಲ್ಲ ಕಾರು ಕಂಪನಿಗಳನ್ನೂ ಒಂದೇ ವಿಭಾಗವಾಗಿ ಬೆಸೆಯಲು ಹೇಳಿತು. ಜಾಗ್ವಾರ್‌ಗೆ ತನ್ನದೇ ಆಡಳಿತ ಮಂಡಳಿ ಇಲ್ಲವಾಯಿತು.

ಈ ಮರುಜೋಡಣೆ ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಕಾರ್ಖಾನೆಯ ನೆಲದ ಮೇಲೆ ಅದರ ಅರ್ಥ ಬೇರೆಯೇ. ಕವೆಂಟ್ರಿಯ ಬ್ರೌನ್ಸ್ ಲೇನ್‌ನಲ್ಲಿ ಕಾರು ಜೋಡಣೆ, ಅದೇ ಊರಿನ ರ್‍ಯಾಡ್‌ಫರ್ಡ್‌ನಲ್ಲಿ ಎಂಜಿನ್, ಕ್ಯಾಸಲ್ ಬ್ರಾಮ್‌ವಿಚ್‌ನಲ್ಲಿ ಬಾಡಿ ಮತ್ತು ಬಣ್ಣ. ಮೂರೂ ಲೇಲ್ಯಾಂಡಿನ ಬೇರೆ ಬೇರೆ ವಿಭಾಗಗಳಿಗೆ ಉತ್ತರ ಕೊಡಬೇಕಿತ್ತು. ಬಾಡಿಯಲ್ಲಿ ದೋಷವಿದ್ದರೆ ಬ್ರೌನ್ಸ್ ಲೇನಿನವರು ಅದನ್ನು ತಿದ್ದಿಕೊಳ್ಳಬಹುದು, ಇಲ್ಲವೇ ಹಾಗೆಯೇ ಮುಂದೆ ತಳ್ಳಬಹುದು. ಕ್ಯಾಸಲ್ ಬ್ರಾಮ್‌ವಿಚ್‌ನ ಮ್ಯಾನೇಜರಿಗೆ ‘ಇದನ್ನು ವಾಪಸ್ ತಗೊಳ್ಳಿ’ ಎಂದು ಹೇಳುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ. ಜಾಗ್ವಾರ್ ಕೆಡಲು ಮುಖ್ಯ ಕಾರಣ ಇದೇ. ಮುಷ್ಕರ, ತೈಲ ಬಿಕ್ಕಟ್ಟು, ಹಳೆಯ ಯಂತ್ರ ಎಲ್ಲ ನಿಜ. ಆದರೆ ತಪ್ಪು ಕಂಡವರಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವರಿಗೆ ತಪ್ಪು ಕಾಣುವುದಿಲ್ಲ ಎಂಬ ಸ್ಥಿತಿಯಲ್ಲಿ ಯಾವ ಕಾರೂ ಸರಿಯಾಗಿ ಹೊರಗೆ ಬರದು.

ಎಂಜಿನಿಯರಿಂಗ್ ವಿಭಾಗ ಮಾತ್ರ ತನ್ನತನ ಬಿಟ್ಟುಕೊಡಲಿಲ್ಲ. ಅದರ ಮುಖ್ಯಸ್ಥ ಬಾಬ್ ನೈಟ್ ಪಟ್ಟು ಹಿಡಿದು ಆ ವಿಭಾಗವನ್ನು ಲೇಲ್ಯಾಂಡಿನೊಳಗೆ ಕರಗಲು ಬಿಡಲಿಲ್ಲ. ಮುಂದಿನ ಕಾರಿನ (ಒಳಹೆಸರು ಎಕ್ಸ್‌ಜೆ40) ನಕ್ಷೆ ಬರೆಯುವಾಗ ಎಂಜಿನ್ ಕೂರುವ ಜಾಗವನ್ನು ಬೇಕೆಂದೇ ಕಿರಿದಾಗಿಟ್ಟರು. ಲೇಲ್ಯಾಂಡಿನದೇ ಇನ್ನೊಂದು ಕಂಪನಿಯಾದ ರೋವರ್‌ನ ಎಂಟು ಸಿಲಿಂಡರಿನ ವಿ8 ಎಂಜಿನ್ನನ್ನು ಹೇರಲು ಮೇಲಿನವರು ಬಂದರೆ ‘ಅದು ಇಲ್ಲಿ ಕೂರುವುದಿಲ್ಲ’ ಎಂದು ಟೇಪ್ ಹಿಡಿದು ತೋರಿಸುವುದಕ್ಕೆ.

ಬಣ್ಣ, ಪೆಟ್ಟಿಗೆ, ಟ್ಯಾಂಕು

ಕ್ಯಾಸಲ್ ಬ್ರಾಮ್‌ವಿಚ್ ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನಗಳನ್ನು ಸಾವಿರಗಟ್ಟಲೆ ತಯಾರಿಸಿದ ಜಾಗ. 1970ರ ದಶಕದ ಕೊನೆಯಲ್ಲಿ ಅಲ್ಲಿ ಹಾಕಿದ ಪೇಂಟ್ ಶಾಪ್ ಥರ್ಮೋಪ್ಲಾಸ್ಟಿಕ್ ಅಕ್ರಿಲಿಕ್ ಬಣ್ಣಕ್ಕೆಂದು ಕಟ್ಟಿದ್ದು. ಕಾಯಿಸಿದರೆ ಮೆತ್ತಗಾಗುವುದು ಈ ಬಣ್ಣದ ಗುಣ. ಹೊಡೆದ ಮೇಲೆ ಒಮ್ಮೆ ಹದವಾಗಿ ಒಲೆಗೆ ಹಾಕುತ್ತಾರೆ. ಧೂಳಿನ ಕಣ, ಇಳಿದ ಗೆರೆ ಕಂಡಲ್ಲಿ ಎಮರಿ ಪೇಪರ್ ಹಿಡಿದು ಉಜ್ಜುತ್ತಾರೆ. ಮತ್ತೆ ಹೆಚ್ಚು ಉಷ್ಣಾಂಶದಲ್ಲಿ ಕಾಯಿಸಿದಾಗ ಬಣ್ಣ ಕರಗಿ ಹರಿದು ಉಜ್ಜಿದ ಗೀರುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹದ ಸಿಕ್ಕರೆ ಆಳವಾದ ಹೊಳಪು. ಹದ ತಪ್ಪಿದರೆ ಪ್ರತಿ ಬಾಡಿಯೂ ಎರಡು ಮೂರು ಸಲ ಉಜ್ಜಿಸಿಕೊಳ್ಳುತ್ತದೆ. ಕ್ಯಾಸಲ್ ಬ್ರಾಮ್‌ವಿಚ್‌ನಲ್ಲಿ ಹದ ತಪ್ಪಿತ್ತು.

ಅದರ ಮೇಲೆ ಇನ್ನೊಂದು ಎಡವಟ್ಟು. ಅಲ್ಲಿ ಬಣ್ಣ ಮುಗಿಸಿದ ಬಾಡಿಯನ್ನು ಲಾರಿಯಲ್ಲಿ ಕವೆಂಟ್ರಿಗೆ ಸಾಗಿಸಿ, ಆಮೇಲೆ ಅದರೊಳಗೆ ವೈರಿಂಗ್, ಸೀಟು, ಗಾಜು, ಎಂಜಿನ್ ಜೋಡಿಸಬೇಕಿತ್ತು. ದಾರಿಯಲ್ಲಿ ಒಂದು ತರಚು, ಜೋಡಣೆಯ ಲೈನಿನಲ್ಲಿ ಒಂದು ಸ್ಪ್ಯಾನರ್ ಪೆಟ್ಟು ಬಿತ್ತೆಂದರೆ ಮತ್ತೆ ತೇಪೆ. ಪೂರ್ತಿ ಜೋಡಿಸಿದ ಕಾರನ್ನು ದೊಡ್ಡ ಒಲೆಯ ಬಿಸಿಗೆ ಹಾಕುವಂತಿಲ್ಲ, ಒಳಗಿನ ರಬ್ಬರು, ತೊಗಲು, ಪ್ಲಾಸ್ಟಿಕ್ ತಡೆಯುವುದಿಲ್ಲ. ಹೀಗಾಗಿ ತೇಪೆಯ ಬಣ್ಣ ಮೂಲ ಬಣ್ಣಕ್ಕೆ ಎಂದೂ ಪೂರ್ತಿ ಹೊಂದುತ್ತಿರಲಿಲ್ಲ. ದುಬಾರಿ ಕಾರು ಕೊಂಡವರು ಮೊದಲ ಸಲ ತೊಳೆಯುವಾಗಲೇ ಬಾಗಿಲಿಗೂ ರೆಕ್ಕೆಗೂ (ಚಕ್ರದ ಮೇಲಿನ ಹೊರತಗಡು) ಬಣ್ಣದ ವ್ಯತ್ಯಾಸ ಕಾಣುತ್ತಿದ್ದರು.

ವಿದ್ಯುತ್ ಭಾಗದ್ದು ಬೇರೆ ಗೋಳು. 5.3 ಲೀಟರಿನ ವಿ12 ಎಂಜಿನ್‌ಗೆ 1971ರಿಂದ ಲೂಕಾಸ್ ಕಂಪನಿಯ ಓಪಸ್ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಇತ್ತು. ಪ್ಲಾಟಿನಂ ಪಾಯಿಂಟುಗಳಿಲ್ಲದ ವ್ಯವಸ್ಥೆ, ಆ ಕಾಲಕ್ಕೆ ಮುಂದುವರಿದದ್ದೇ. ಆದರೆ ಅದರ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಮೊದಲು ಕೂರಿಸಿದ್ದು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ. ಎಂಜಿನ್ ಕೋಣೆಯ ಅತಿ ಬಿಸಿ ಜಾಗಗಳಲ್ಲಿ ಅದೂ ಒಂದು. ಓಡುತ್ತಿರುವಾಗ ಗಾಳಿ ಆಡುತ್ತದೆ, ಹೇಗೋ ನಡೆಯುತ್ತದೆ. ಕಾರು ನಿಲ್ಲಿಸಿದ ಮೇಲೆ ಹನ್ನೆರಡು ಸಿಲಿಂಡರುಗಳ ಶಾಖವೆಲ್ಲ ಮೇಲೆದ್ದು ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರುಗಳನ್ನು ಬೇಯಿಸುತ್ತದೆ. ಪೆಟ್ರೋಲ್ ಹಾಕಿಸಲು ಹತ್ತು ನಿಮಿಷ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಪರಿಹಾರ ಸರಳವಿತ್ತು: ಪೆಟ್ಟಿಗೆಯನ್ನು ಮುಂದಕ್ಕೆ, ರೇಡಿಯೇಟರ್ ಮೇಲ್ಭಾಗದ ತಂಪಿನ ಕಡೆಗೆ ಸರಿಸುವುದು. ಮುಂದೆ ಹಾಗೆಯೇ ಮಾಡಿದರು.

ಮೂರನೆಯದು ಪೆಟ್ರೋಲ್ ಟ್ಯಾಂಕು. ಎಕ್ಸ್‌ಜೆ ಸೆಡಾನಿನ ಹಿಂದಿನ ಎರಡು ರೆಕ್ಕೆಗಳಲ್ಲಿ ಒಂದೊಂದು ಟ್ಯಾಂಕು, ಒಂದೊಂದಕ್ಕೂ ಸುಮಾರು 48 ಲೀಟರ್. ಡ್ಯಾಶ್‌ಬೋರ್ಡಿನ ಗುಂಡಿ ಒತ್ತಿ ಈ ಕಡೆಯಿಂದ ಆ ಕಡೆಗೆ ಬದಲಿಸಬೇಕು. ಮುಚ್ಚಳಗಳು ರೆಕ್ಕೆಯ ಮೇಲೇ ಬಟ್ಟಲಿನಂಥ ತಗ್ಗಿನಲ್ಲಿವೆ. ಮಳೆನೀರು ಹೋಗಲು ಆ ತಗ್ಗಿನಲ್ಲೊಂದು ಸಣ್ಣ ತೂತು, ಕೆಳಗೆ ಕೊಳವೆ. ತೂತಿಗೆ ಎಲೆಚೂರು ಸಿಕ್ಕಿಕೊಂಡರೆ ನೀರು ಬಟ್ಟಲಲ್ಲಿ ನಿಂತು, ಮುಚ್ಚಳದ ರಬ್ಬರು ಸವೆದಿದ್ದರೆ ನೇರ ಟ್ಯಾಂಕಿಗೆ ಇಳಿಯುತ್ತದೆ. ತಳದಲ್ಲಿ ತುಕ್ಕು, ತುಕ್ಕಿನ ಪುಡಿ ಫಿಲ್ಟರಿಗೆ.

ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಬಣ್ಣದ್ದು ತಯಾರಿಕೆಯ ದೋಷ, ಓಪಸ್ ಪೆಟ್ಟಿಗೆ ಕೊಂಡುತಂದ ಬಿಡಿಭಾಗ ಮತ್ತು ಅದನ್ನಿಟ್ಟ ಜಾಗದ ದೋಷ, ಟ್ಯಾಂಕಿನದು ವಿನ್ಯಾಸದಲ್ಲೇ ಇರುವ ದೋಷ. ಮೊದಲನೆಯದಕ್ಕೆ ಮದ್ದು ಕಾರ್ಖಾನೆಯಲ್ಲಿ, ಎರಡನೆಯದಕ್ಕೆ ಸರಬರಾಜುದಾರರ ಜೊತೆಗಿನ ಮಾತುಕತೆಯಲ್ಲಿ, ಮೂರನೆಯದಕ್ಕೆ ಹೊಸ ಕಾರಿನಲ್ಲಿ ಮಾತ್ರ. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಪಕ್ಕದಲ್ಲೇ ಕೂತ ಹಿಂದಿನ ಡಿಸ್ಕ್ ಬ್ರೇಕುಗಳದೂ ಇದೇ ಬಗೆ. ಬ್ರೇಕಿನ ಶಾಖಕ್ಕೆ ಆಯಿಲ್ ಸೀಲ್ ಗಟ್ಟಿಯಾಗಿ ಸೋರಿದರೆ ಎಣ್ಣೆ ಡಿಸ್ಕಿನ ಮೇಲೆ. ಡಿಸ್ಕ್ ಬದಲಿಸಬೇಕೆಂದರೆ ಹಿಂದಿನ ಇಡೀ ಸಸ್ಪೆನ್ಷನ್ ಜೋಡಣೆಯನ್ನೇ ಕೆಳಗಿಳಿಸುವಷ್ಟು ಕೆಲಸ.

ಈಗನ್ ಬಂದ ಮೇಲೆ

ಲೇಲ್ಯಾಂಡ್ ಅಧ್ಯಕ್ಷ ಮೈಕೆಲ್ ಎಡ್ವರ್ಡ್ಸ್ 1980ರ ಏಪ್ರಿಲ್‌ನಲ್ಲಿ ಜಾನ್ ಈಗನ್ ಅವರನ್ನು ಜಾಗ್ವಾರ್‌ಗೆ ಕರೆತಂದರು. ಈಗನ್ ಓದಿದ್ದು ಪೆಟ್ರೋಲಿಯಂ ಎಂಜಿನಿಯರಿಂಗ್. ಲೇಲ್ಯಾಂಡಿನ ಬಿಡಿಭಾಗಗಳ ವ್ಯವಹಾರ ನೋಡಿಕೊಂಡು, ಆಮೇಲೆ ಮ್ಯಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರ್ ಕಂಪನಿಯಲ್ಲಿದ್ದವರು. ಬಿಡಿಭಾಗ ಮಾರಿದವರಿಗೆ ಯಾವುದು ಎಷ್ಟು ಬೇಗ ಕೆಡುತ್ತದೆ ಎಂಬುದು ಅಂಗೈ ನೆಲ್ಲಿ. ಅವರು ಬಂದಾಗ ಬ್ರೌನ್ಸ್ ಲೇನ್‌ನಲ್ಲಿ ಮುಷ್ಕರ ನಡೆಯುತ್ತಿತ್ತು. ಲೇಲ್ಯಾಂಡಿಗೆಲ್ಲ ಒಂದೇ ವೇತನ ಶ್ರೇಣಿ ತಂದದ್ದರಿಂದ ತಮ್ಮ ಕುಶಲತೆಗೆ ಬೆಲೆ ಇಲ್ಲವಾಯಿತೆಂಬುದು ಜಾಗ್ವಾರ್ ಕೆಲಸಗಾರರ ನೋವು. ಕಾರ್ಖಾನೆ ಮುಚ್ಚುವ ಮಾತು ಆಗ ಬರಿಯ ಬೆದರಿಕೆಯಾಗಿರಲಿಲ್ಲ. ಕೆಲಸಗಾರರು ಒಳಗೆ ಬಂದ ಮೇಲೆ ಅಸಲಿ ಕೆಲಸ ಶುರುವಾಯಿತು.

ಮೊದಲ ಹೆಜ್ಜೆ ಪಟ್ಟಿ ಮಾಡುವುದು. ವಾರಂಟಿ ದಾಖಲೆ, ಡೀಲರುಗಳ ದೂರು, ಗ್ರಾಹಕರ ಮಾತು ಎಲ್ಲ ಕಲೆಹಾಕಿ ಮತ್ತೆ ಮತ್ತೆ ಬರುವ ಸುಮಾರು 150 ದೋಷಗಳನ್ನು ಗುರುತಿಸಿದರು. ಗ್ರಾಹಕರ ಮಾತಿಗೆ ಕಾದು ಕೂರಲಿಲ್ಲ, ಕಾರು ಕೊಂಡವರಿಗೆ ಫೋನ್ ಮಾಡಿಸಿ ಏನು ಕೆಟ್ಟಿದೆ ಎಂದು ಕೇಳಿದರು. ಬಿಎಂಡಬ್ಲ್ಯೂ, ಮರ್ಸಿಡಿಸ್ ಕೊಂಡವರಿಗೂ ಅದೇ ಪ್ರಶ್ನೆ ಕೇಳಿಸಿದರು. ಅಳತೆಗೋಲು ಅದರಿಂದ ಸಿಕ್ಕಿತು. ‘ನಮ್ಮಲ್ಲಿ ಹೋದ ವರ್ಷಕ್ಕಿಂತ ಸುಧಾರಿಸಿದೆ’ ಎಂಬ ಸಮಾಧಾನಕ್ಕೆ ಆ ನಂತರ ಜಾಗವಿರಲಿಲ್ಲ.

ಪಟ್ಟಿ ಬಿಡಿಸಿ ನೋಡಿದಾಗ ಸುಮಾರು 60 ಶೇಕಡಾ ದೋಷಗಳು ಹೊರಗಿನಿಂದ ಕೊಂಡ ಬಿಡಿಭಾಗಗಳಲ್ಲಿದ್ದವು. ಇಡೀ ಪ್ರಕರಣದ ತಿರುವು ಈ ಲೆಕ್ಕದಲ್ಲಿದೆ. ಅಲ್ಲಿಯವರೆಗೆ ಕಾರು ಕೆಟ್ಟರೆ ಬೈಗುಳ ಬೀಳುತ್ತಿದ್ದದ್ದು ಲೈನಿನ ಕೆಲಸಗಾರರ ಮೇಲೆ. ಅವರು ಎಷ್ಟೇ ಶ್ರದ್ಧೆಯಿಂದ ಸ್ಕ್ರೂ ಬಿಗಿದರೂ ಒಳಗೆ ಸತ್ತ ರಿಲೇಯನ್ನು ಬದುಕಿಸಲಾರರು. ಸರಬರಾಜುದಾರರಿಗೆ ಕಂಪನಿ ಹಾಕಿದ ಷರತ್ತು ನೇರವಾಗಿತ್ತು: ಒಪ್ಪಿದ ಮಿತಿಗಿಂತ ಹೆಚ್ಚು ಭಾಗಗಳು ವಾರಂಟಿ ಅವಧಿಯಲ್ಲಿ ಕೆಟ್ಟರೆ ಭಾಗದ ಬೆಲೆಯನ್ನಷ್ಟೇ ಕೊಟ್ಟರೆ ಸಾಲದು, ಅದನ್ನು ಬಿಚ್ಚಿ ಹಾಕಿದ ಕೂಲಿಯನ್ನೂ ಕೊಡಬೇಕು. ಈ ಕೂಲಿಯ ಮಾತು ಸಣ್ಣದಲ್ಲ. ಕೆಲವೇ ಪೌಂಡಿನ ಸ್ವಿಚ್ಚಿಗಾಗಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾದರೆ ಕೂಲಿ ಸ್ವಿಚ್ಚಿನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಹಿಂದೆ ಆ ಖರ್ಚನ್ನು ಜಾಗ್ವಾರ್ ನುಂಗುತ್ತಿತ್ತು, ಹಾಗಾಗಿ ಸ್ವಿಚ್ ಮಾಡುವವರಿಗೆ ಅದನ್ನು ಸುಧಾರಿಸುವ ದರ್ದು ಇರಲಿಲ್ಲ. ಒಪ್ಪದವರನ್ನು ಬಿಟ್ಟು ಬೇರೆಯವರಿಂದ ಕೊಳ್ಳಲು ಕಂಪನಿ ಸಿದ್ಧವಾಯಿತು.

ಬರೀ ದಂಡದ ಭಯವಲ್ಲ. ಒಂದೊಂದು ದೋಷಕ್ಕೂ ಒಂದು ತಂಡ ಕಟ್ಟಿದರು. ಅದರಲ್ಲಿ ವಿನ್ಯಾಸ, ಖರೀದಿ, ತಯಾರಿಕೆ, ಗುಣಮಟ್ಟ ಪರೀಕ್ಷೆ, ಸರ್ವಿಸ್ ವಿಭಾಗದವರ ಜೊತೆ ಸರಬರಾಜುದಾರರ ಎಂಜಿನಿಯರೂ ಕೂರುತ್ತಿದ್ದರು. ತೀರಾ ಕೆಟ್ಟ ದೋಷಗಳ ಹೊಣೆಯನ್ನು ನಿರ್ದೇಶಕರೇ ಹೊತ್ತರು. ದೋಷ ಪಟ್ಟಿಯಿಂದ ಹೋಗಬೇಕಾದರೆ ತಿದ್ದಿದ್ದೇವೆ ಎಂದರೆ ಸಾಲದು, ವಾರಂಟಿ ಅಂಕಿಯಲ್ಲಿ ಅದು ಕಾಣಬೇಕು.

ಕ್ಯಾಸಲ್ ಬ್ರಾಮ್‌ವಿಚ್ ಕಾರ್ಖಾನೆಯನ್ನು 1980ರಲ್ಲೇ ಜಾಗ್ವಾರ್ ಆಡಳಿತಕ್ಕೆ ವರ್ಗಾಯಿಸಿದರು. ಬಾಡಿ ಮತ್ತು ಬಣ್ಣದ ಹೊಣೆ ಮೊದಲ ಬಾರಿಗೆ ಕಾರು ಮಾರುವವರ ಕೈಗೇ ಬಂತು. ಬಣ್ಣಗಳ ಸಂಖ್ಯೆ ಏರಿತು, ತೇಪೆ ಇಳಿಯಿತು. ಕೆಲಸಗಾರರ ಸಂಖ್ಯೆ 1980ರ ಸುಮಾರು 10 ಸಾವಿರದಿಂದ ಎರಡೇ ವರ್ಷದಲ್ಲಿ 7 ಸಾವಿರದ ಆಸುಪಾಸಿಗೆ ಇಳಿಯಿತು. ಮೂರು ಸಾವಿರ ಮನೆಗಳಿಗೆ ತಟ್ಟಿದ ಈ ಕಡಿತವನ್ನು ಯಶಸ್ಸಿನ ಅಂಕಿಗಳ ನಡುವೆ ಮರೆಸುವುದು ನ್ಯಾಯವಲ್ಲ. ಕವೆಂಟ್ರಿಯಲ್ಲಿ ಆಗ ಬೇರೆ ಕೆಲಸ ಸಿಗುವಂತಿರಲಿಲ್ಲ. ಉಳಿದವರಿಗಾಗಿ ಕ್ವಾಲಿಟಿ ಸರ್ಕಲ್‌ಗಳು (ಗುಣಮಟ್ಟದ ತೊಂದರೆ ಬಗೆಹರಿಸಲು ಕೂರುವ ಕೆಲಸಗಾರರ ಸಣ್ಣ ಗುಂಪುಗಳು) ಶುರುವಾದವು, ಕಂಪನಿಯ ಲಾಭನಷ್ಟವನ್ನು ವಿಡಿಯೊ ಮಾಡಿ ಲೈನಿನವರಿಗೆ ತೋರಿಸಿದರು, ಕುಟುಂಬದವರಿಗೆ ಕಾರ್ಖಾನೆಯ ಬಾಗಿಲು ತೆರೆದರು.

ವಿ12 ಎಂಜಿನ್‌ನ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. 1975ರಲ್ಲಿ ಬಂದ ಎಕ್ಸ್‌ಜೆ-ಎಸ್ ಕೂಪೆ ಪೆಟ್ರೋಲ್ ಕುಡಿದು ಕುಡಿದು 1980ರ ಹೊತ್ತಿಗೆ ವರ್ಷಕ್ಕೆ ಸಾವಿರದ ಆಸುಪಾಸಿಗೆ ಕುಸಿದಿತ್ತು. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಮೈಕೆಲ್ ಮೇ ರೂಪಿಸಿದ ಫೈರ್‌ಬಾಲ್ ಸಿಲಿಂಡರ್ ಹೆಡ್ 1981ರ ಜುಲೈನಲ್ಲಿ ಎಚ್‌ಇ (ಹೈ ಎಫಿಷಿಯೆನ್ಸಿ) ಹೆಸರಿನಲ್ಲಿ ಅದಕ್ಕೆ ಬಂತು. ಪಿಸ್ಟನ್ ಮೇಲೇರುವಾಗ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಇನ್‌ಲೆಟ್ ವಾಲ್ವಿನ ಕೆಳಗಿನಿಂದ ಒಂದು ಕಾಲುವೆಯ ಮೂಲಕ ಎಗ್ಸಾಸ್ಟ್ ವಾಲ್ವಿನ ಕೆಳಗಿನ ಆಳವಾದ ಗೂಡಿಗೆ ತಳ್ಳುತ್ತದೆ. ಅಲ್ಲಿ ಅದು ಸುಳಿಯಾಗಿ ಸುತ್ತುತ್ತಿರುವಾಗ ಕಿಡಿ ಹತ್ತುತ್ತದೆ. ಸುಳಿ ಚೆನ್ನಾಗಿದ್ದರೆ ತೆಳು ಮಿಶ್ರಣವೂ ಪೂರ್ತಿ ಉರಿಯುತ್ತದೆ. ಹೀಗಾಗಿ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಕಂಪ್ರೆಷನ್ ಅನುಪಾತವನ್ನು 12.5:1ಕ್ಕೆ ಏರಿಸಲು ಸಾಧ್ಯವಾಯಿತು. ಅದೇ ಬ್ಲಾಕ್, ಅದೇ 5.3 ಲೀಟರ್, ಬದಲಾದದ್ದು ಹೆಡ್ಡು ಮತ್ತು ಇಗ್ನಿಷನ್. ಒಳಾಂಗಣಕ್ಕೆ ಅದುವರೆಗೆ ಇಲ್ಲದ ಮರದ ಹಲಗೆಯನ್ನೂ ಕೂರಿಸಿದರು. ನಿಲ್ಲಿಸಲು ಹೊರಟಿದ್ದ ಕಾರು 1990ರ ದಶಕದವರೆಗೆ ಓಡಿತು.

1980ರಲ್ಲಿ ಸುಮಾರು 14 ಸಾವಿರವಿದ್ದ ತಯಾರಿಕೆ 1984ಕ್ಕೆ 33 ಸಾವಿರ ಮುಟ್ಟಿತು. ಒಬ್ಬ ಕೆಲಸಗಾರರಿಗೆ ವರ್ಷಕ್ಕೆ 1.4 ಕಾರು ಇದ್ದದ್ದು 3.4 ಆಯಿತು. 1984ರ ಆಗಸ್ಟ್‌ನಲ್ಲಿ ಸರ್ಕಾರ ಜಾಗ್ವಾರನ್ನು ಲೇಲ್ಯಾಂಡಿನಿಂದ ಬಿಡಿಸಿ, ಷೇರಿಗೆ 165 ಪೆನ್ಸಿನಂತೆ ಸಾರ್ವಜನಿಕರಿಗೆ ಮಾರಿತು. ಬೇಡಿಕೆ ಷೇರುಗಳ ಎಂಟು ಪಟ್ಟು ಮೀರಿತು. 1985ರ ಫೆಬ್ರುವರಿಯಲ್ಲಿ ತೀರಿಕೊಂಡ ಲಯನ್ಸ್, ತಮ್ಮ ಕಂಪನಿ ಮತ್ತೆ ಸ್ವತಂತ್ರವಾದದ್ದನ್ನು ನೋಡಿಯೇ ಹೋದರು. ಆದರೆ ಷೇರು ಮಾರಿ ಬಂದ 29.4 ಕೋಟಿ ಪೌಂಡ್ ಹೋದದ್ದು ಲೇಲ್ಯಾಂಡಿನ ಖಜಾನೆಗೆ. ಹಳೆಯ ಯಂತ್ರ ಬದಲಿಸಲು ಜಾಗ್ವಾರ್ ಕೈಗೆ ಅದರಲ್ಲಿ ಏನೂ ದಕ್ಕಲಿಲ್ಲ.

ಡಾಲರಿನ ಲೆಕ್ಕ

ಜಾಗ್ವಾರ್ ಮಾರಾಟದ ಅರ್ಧದಷ್ಟು ಅಮೆರಿಕದಲ್ಲಿ ನಡೆಯುತ್ತಿತ್ತು, ಖರ್ಚೆಲ್ಲ ಪೌಂಡಿನಲ್ಲಿ. 1985ರ ಆರಂಭದಲ್ಲಿ ಒಂದು ಪೌಂಡಿಗೆ ಹೆಚ್ಚುಕಡಿಮೆ 1.05 ಡಾಲರ್. ಲೆಕ್ಕಕ್ಕೆ ಹೇಳುವುದಾದರೆ, 20,000 ಡಾಲರ್ ತಂದುಕೊಡುವ ಕಾರಿನಿಂದ ಕವೆಂಟ್ರಿಗೆ ಸಿಗುವುದು ಸುಮಾರು 19,000 ಪೌಂಡ್. 1988ರ ಕೊನೆಗೆ ಪೌಂಡ್ 1.80 ಡಾಲರಿನ ಹತ್ತಿರ. ಅದೇ ಕಾರು, ಅದೇ ಡಾಲರ್, ಕೈಗೆ ಬರುವುದು 11,100 ಪೌಂಡ್. ಡಾಲರಿನ ದರವನ್ನು ಮೊದಲೇ ನಿಗದಿ ಮಾಡಿಕೊಳ್ಳುವ ಮುಂಗಡ ವಿನಿಮಯ ಒಪ್ಪಂದಗಳು ಪೆಟ್ಟನ್ನು ಸ್ವಲ್ಪ ಕಾಲ ಮುಂದೂಡಿದವು, ತಪ್ಪಿಸಲಿಲ್ಲ. 1986ರಲ್ಲಿ 12 ಕೋಟಿ ಪೌಂಡ್ ಮೀರಿದ್ದ ಲಾಭ 1988ರಲ್ಲಿ ಅದರ ಅರ್ಧಕ್ಕಿಂತ ಕೆಳಗೆ ಬಂತು. ಗುಣಮಟ್ಟ ಸುಧಾರಿಸಿದ್ದು ದಿಟ. ಆದರೆ ಲಾಭದಲ್ಲಿ ಎಷ್ಟು ಪಾಲು ಗುಣಮಟ್ಟದ್ದು, ಎಷ್ಟು ಪಾಲು ಅಗ್ಗದ ಪೌಂಡಿನದು ಎಂದು ಒಳ್ಳೆಯ ವರ್ಷಗಳಲ್ಲೇ ಬೇರ್ಪಡಿಸಿ ನೋಡಬೇಕಿತ್ತು.

1986ರ ಅಕ್ಟೋಬರ್‌ನಲ್ಲಿ ಎಕ್ಸ್‌ಜೆ40 ಹೊರಬಂತು. ಕೆನಡಾದ ಟಿಮಿನ್ಸ್ ಚಳಿಯಲ್ಲಿ, ಅರಿಜೋನಾದ ಬಿಸಿಲಿನಲ್ಲಿ, ಇಟಲಿಯ ನಾರ್ಡೋ ವೃತ್ತದಲ್ಲಿ ಲಕ್ಷಗಟ್ಟಲೆ ಮೈಲಿ ಓಡಿಸಿ ಪರೀಕ್ಷಿಸಿದ ಕಾರು. ಹಿಂದಿನ ಬ್ರೇಕುಗಳನ್ನು ಚಕ್ರದ ಬಳಿಗೆ ತಂದಿದ್ದರು, ಎರಡು ಟ್ಯಾಂಕಿನ ಬದಲು ಒಂದಾಯಿತು. ಆದರೂ ಮೊದಲ ವರ್ಷದ ಕಾರುಗಳಲ್ಲಿ ವಿದ್ಯುತ್ ತೊಂದರೆ ಮತ್ತೆ ತಲೆ ಎತ್ತಿತು. ಈ ಕಾರಿನಲ್ಲಿ ಸ್ವಿಚ್ಚುಗಳು ದೀಪ, ಮೋಟರುಗಳ ಪೂರ್ತಿ ಕರೆಂಟನ್ನು ಹೊರುವುದಿಲ್ಲ. ಅರ್ತ್ ಕಡೆಗೆ ಸಣ್ಣ ಸಂಕೇತ ಕೊಡುತ್ತವೆ, ಭಾರದ ಕೆಲಸವನ್ನು ಮಾಡ್ಯೂಲ್ ಮಾಡುತ್ತದೆ. ವಿಚಾರ ಒಳ್ಳೆಯದು, ತಂತಿ ತೆಳುವಾಗುತ್ತದೆ. ಆದರೆ ದೊಡ್ಡ ಕರೆಂಟು ಹರಿಯುವ ಕಡೆ ಸಂಪರ್ಕ ಬಿಂದುವಿನ ಮೇಲಿನ ಕಿಲುಬಿನ ಪೊರೆ ಕಿಡಿಗೆ ಸುಟ್ಟುಹೋಗುತ್ತದೆ, ಸಣ್ಣ ಕರೆಂಟಿಗೆ ಆ ಶಕ್ತಿ ಇಲ್ಲ. ಕನೆಕ್ಟರಿನಲ್ಲಿ ಚೂರು ತೇವ, ಚೂರು ಸಡಿಲವಾದರೂ ಸಂಕೇತ ಮುಟ್ಟುವುದಿಲ್ಲ.

1988ರಲ್ಲಿ ಕಂಪನಿ ಮಾಡಿದ್ದು ಸುಮಾರು 50 ಸಾವಿರ ಕಾರು. ಬಿಎಂಡಬ್ಲ್ಯೂ ಆ ವರ್ಷ ಹತ್ತಿರ ಹತ್ತಿರ ಐದು ಲಕ್ಷ ಮಾಡಿತು. ಹೊಸ ಎಂಜಿನ್, ಹೊಸ ಬಾಡಿ, ಹೊಸ ಪ್ರೆಸ್ಸುಗಳ ಖರ್ಚನ್ನು 50 ಸಾವಿರ ಕಾರುಗಳ ಮೇಲೆ ಹಂಚಲಾಗದು. ಬೇರೆಯವರು ಕಂಪನಿಯನ್ನು ಕೊಳ್ಳದಂತೆ ತಡೆಯುವ ಸರ್ಕಾರದ ವಿಶೇಷ ಷೇರಿನ ರಕ್ಷಣೆ 1990ರ ಕೊನೆಯವರೆಗೆ ಇರಬೇಕಿತ್ತು. ಅದನ್ನು 1989ರ ಅಕ್ಟೋಬರ್ ಕೊನೆಯಲ್ಲೇ ಸರ್ಕಾರ ಕೈಬಿಟ್ಟಿತು. ಕೆಲವೇ ದಿನಗಳಲ್ಲಿ ಫೋರ್ಡ್ ಷೇರಿಗೆ 850 ಪೆನ್ಸ್, ಒಟ್ಟು ಸುಮಾರು 160 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಈಗನ್ ನಂತರ ಫೋರ್ಡ್‌ನಿಂದ ಬಂದ ಬಿಲ್ ಹೇಡನ್, ರಷ್ಯಾದ ಗೋರ್ಕಿಯ ಕೆಲವು ಕಾರ್ಖಾನೆಗಳನ್ನು ಬಿಟ್ಟರೆ ಇಷ್ಟು ಕೆಟ್ಟದ್ದನ್ನು ತಾನು ನೋಡಿಲ್ಲ ಎಂದರು. ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಹಳೆಯ ಕಾರ್ಖಾನೆಯಲ್ಲಿ ಹಳೆಯ ಯಂತ್ರಗಳಿಂದ ಹಿಂಡಬಹುದಾದ ಸುಧಾರಣೆಯನ್ನೆಲ್ಲ 1984ರ ಹೊತ್ತಿಗೆ ಹಿಂಡಿ ಮುಗಿದಿತ್ತು. ಫೋರ್ಡ್‌ನಿಂದ 2008ರಲ್ಲಿ ಟಾಟಾ ಮೋಟರ್ಸ್ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರಿಗೆ ಕೊಂಡ ಕಥೆ ಬೇರೆಯದೇ ಅಧ್ಯಯನ ಬೇಡುತ್ತದೆ.

ಎಕ್ಸ್‌ಜೆ40ರ ಕಿರಿದಾದ ಎಂಜಿನ್ ಕೋಣೆಗೆ ರೋವರ್ ವಿ8 ಕೂರಲಿಲ್ಲ, ಎಂಜಿನಿಯರುಗಳು ಬಯಸಿದಂತೆ. ಆದರೆ ಜಾಗ್ವಾರ್‌ನ ಸ್ವಂತ ವಿ12 ಕೂಡ ಕೂರಲಿಲ್ಲ. ಮುಂಭಾಗದ ಚೌಕಟ್ಟನ್ನೇ ಬದಲಿಸಿ ಅದನ್ನು ಒಳಗಿಳಿಸುವ ಹೊತ್ತಿಗೆ 1993 ಬಂದಿತ್ತು. ಅಲ್ಲಿಯ ತನಕ ವಿ12 ಸೆಡಾನ್ ಬೇಕೆಂದವರಿಗೆ ಕಂಪನಿ ಮಾಡಿಕೊಟ್ಟದ್ದು 1979ರಲ್ಲಿ ಮೂರು ಬಣ್ಣಗಳಲ್ಲಿ ಬಂದಿದ್ದ ಆ ಮೂರನೇ ಸರಣಿಯನ್ನೇ. ಅದರ ಕೊನೆಯ ಕಾರುಗಳು ಲೈನಿನಿಂದ ಇಳಿದದ್ದು 1992ರಲ್ಲಿ.